ಗುದ್ದಿದರೂ ನಿಲ್ಲದ ಲಾರಿ

ರೆಜಾನ್ ಒಳ್ಳೆಯವನು. ಆದರೆ ತಾನು ಕಟ್ಟಿದ ಆಟದ ವಿಷಯಕ್ಕೆ ಬಂದರೆ ಅವನಷ್ಟು ಹಟಮಾರಿ ಇಡೀ ಮಾಂಟ್ರಿಯಲ್‌ನಲ್ಲಿ ಸಿಗಲಾರ. ಕೋಡ್ ಅವನದು, ಚಿತ್ರಗಳು ನನ್ನವು. ಲಾಂಡ್ರಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ನಾವಿಬ್ಬರೇ ಮಾಡಿದ ಮೊಬೈಲ್ ಆಟ ಅದು. ಬೆಳಗಿನ ಜಾವ ಹಿಮ ತಳ್ಳುವ ಲಾರಿಯನ್ನು ಹೆಬ್ಬೆರಳಲ್ಲಿ ನಡೆಸುತ್ತ, ಬದಿಯಲ್ಲಿ ನಿಂತ ಕಾರುಗಳಿಗೆ ತಗುಲಿಸದೆ ಬೀದಿಗಳನ್ನು ಒಂದೊಂದಾಗಿ ತೆರವು ಮಾಡಬೇಕು. ಮೂರು ಸಲ ತಗುಲಿತೋ, ಲಾರಿ ಕೆಟ್ಟು ನಿಲ್ಲುತ್ತದೆ. ಮತ್ತೆ ಮೊದಲ ಬೀದಿಯಿಂದ ಶುರು.

"ಇಷ್ಟು ಕಷ್ಟ ಇಟ್ರೆ ಯಾರು ಆಡ್ತಾರೋ?" ಎಂದು ನಾನು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ.

"ಸುಲಭ ಬೇಕಾದವ್ರು ಟೀವಿ ನೋಡ್ಲಿ ಬಿಡೇ, ಗಿಸ್ಲೇನ್."

ಜಗಳವಾಡಿ ಆಡಿ ನನಗೆ ಸಾಕಾಗಿತ್ತು. ಅಷ್ಟರಲ್ಲಿ, ಫೆಬ್ರವರಿಯಲ್ಲಿ, ಮದಾಂ ವಾಯಾಂಕೂರ್ ಕರೆದರು. ಹೊಸ ಆಟಗಳನ್ನು ಆರಿಸಿ ಮಾರುಕಟ್ಟೆಗೆ ತರುವುದು ಅವರ ಕೆಲಸ. ಉಳಿದವರೆಲ್ಲ ಆಗಲೇ ಬೇಡವೆಂದಿದ್ದರು. ಇವರೂ ಬೇಡವೆಂದರೆ ಕೋಣೆ ಖಾಲಿ ಮಾಡುವುದು, ನಾನು ಬಣ್ಣ ಕುಂಚ ಬಿಟ್ಟು ಅಕ್ಕನ ಹಲ್ಲಿನ ಆಸ್ಪತ್ರೆಯಲ್ಲಿ ಫೋನೆತ್ತುವ ಕೆಲಸಕ್ಕೆ ಸೇರುವುದು ಎಂದಾಗಿತ್ತು. ನೆನೆಸಿಕೊಂಡರೇ ಅಳು ಬರುತ್ತಿತ್ತು.

ಅವರ ಕಚೇರಿಗೆ ಹೋಗಿ, ಮದಾಂ ಕೈಗೆ ಫೋನ್ ಕೊಟ್ಟು ಎದುರಿಗೆ ಕೂತೆವು. ಆಟ ಕಟ್ಟುವವರಲ್ಲಿ ಒಂದು ಕಟ್ಟಳೆಯಿದೆ: ಬೇರೆಯವರು ಆಡುವಾಗ ಕಟ್ಟಿದವರು ತುಟಿ ಬಿಚ್ಚಬಾರದು. ನಾಳೆ ಯಾರೋ ಎಲ್ಲೋ ಆಡುವಾಗ ಪಕ್ಕದಲ್ಲಿ ಕೂತು ವಿವರಿಸಲು ನಾವಿರುತ್ತೇವೆಯೇ?

ಮೊದಲ ತಿರುವಿನಲ್ಲೇ ಮದಾಂ ಒಂದು ಕಾರಿಗೆ ಗುದ್ದಿದರು. ಆಮೇಲೆ ಇನ್ನೊಂದಕ್ಕೆ. ಮತ್ತೊಂದಕ್ಕೆ. ಲಾರಿ ನಿಲ್ಲಲಿಲ್ಲ. ನಾಲ್ಕನೆಯದಕ್ಕೂ ಗುದ್ದಿ ಮುಂದೆ ಹೋಯಿತು.

ರೆಜಾನ್ ಕಡೆ ನೋಡಿದರೆ ಅವನ ಮುಖದಲ್ಲಿ ರಕ್ತವೇ ಇಲ್ಲ. ಕೊನೆಯ ಬೀದಿ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸಲು, ಎಷ್ಟು ಗುದ್ದಿದರೂ ಲಾರಿ ಕೆಡದ ಹಾಗೆ ಅವನು ಕೋಡಿನಲ್ಲಿ ಒಂದು ಸ್ವಿಚ್ ಇಟ್ಟುಕೊಂಡಿದ್ದ. ಈ ಕಸುಬಿನಲ್ಲಿ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಆಟವನ್ನು ಬೇರೆಯವರ ಕೈಗೆ ಕೊಡುವ ಮುನ್ನ ಅದನ್ನು ಆರಿಸಬೇಕು. ನಮ್ಮ ಮಹಾಶಯ ಮರೆತಿದ್ದ!

ಬಾಯಿ ಬಿಡುವ ಹಾಗಿಲ್ಲ. ನಾನು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತೆ.

ಲಾರಿ ಗುದ್ದಿದಾಗಲೆಲ್ಲ ಒಂದು ಮನೆಯ ಕಿಟಕಿ ತೆರೆದು, ನಿದ್ದೆಗಣ್ಣಿನ ಯಾರೋ ಹೊರಗೆ ತಲೆ ಹಾಕಿ ಬೈಯುತ್ತಾರೆ. ಪ್ರತಿ ಮನೆಗೂ ಬೇರೆ ಬೇರೆ ಮುಖ ಬರೆದಿದ್ದೆ. ಮೂರು ಏಟಿಗೇ ಆಟ ಮುಗಿಯುತ್ತಿದ್ದುದರಿಂದ ಅವರಲ್ಲಿ ಹೆಚ್ಚಿನವರನ್ನು ಯಾರೂ ನೋಡಿರಲಿಲ್ಲ.

"ಅಯ್ಯೋ, ಈ ತಾತನ್ನ ನೋಡ್ರೀ! ಚಡ್ಡೀಲೇ ನಿಂತು ಬೈತಿದಾನೆ!" ಮದಾಂ ನಗತೊಡಗಿದರು. ಆಮೇಲೆ ಬೇಕೆಂದೇ ಗುದ್ದತೊಡಗಿದರು. ಮುಂದಿನ ಕಿಟಕಿಯಲ್ಲಿ ಯಾರು ಬರುತ್ತಾರೆಂದು ನೋಡುತ್ತ, ಕಣ್ಣೊರೆಸಿಕೊಳ್ಳುತ್ತ, ಕೊನೆಯ ಬೀದಿಯವರೆಗೂ ಹೋದರು.

ಅವರು ಫೋನ್ ಕೆಳಗಿಡುತ್ತಲೇ ರೆಜಾನ್ ಶುರುಮಾಡಿದ. "ಕ್ಷಮಿಸಿ ಮದಾಂ. ನೀವು ಆಡಿದ್ದು ನಮ್ಮ ಆಟಾನೇ ಅಲ್ಲ. ಪರೀಕ್ಷೆಗೆ ಅಂತ ಇಟ್ಕೊಂಡಿದ್ದ ಸ್ವಿಚ್ ಆರಿಸೋದು ಮರೆತುಬಿಟ್ಟೆ. ನಿಜವಾದ ಆಟದಲ್ಲಿ ಮೂರೇಟಿಗೆ ಮುಗಿಯುತ್ತೆ."

ಮೇಜಿನ ಕೆಳಗೆ ಅವನನ್ನು ಒದೆಯಬೇಕೆನಿಸಿತು. ಹರಿಶ್ಚಂದ್ರನಾಗಲು ಇದೇ ಹೊತ್ತು ಸಿಕ್ಕಿತೇ ಇವನಿಗೆ?

"ಮೂರಕ್ಕೇ ಮುಗಿಸಿಬಿಟ್ರೆ ಈ ತಾತ ನಂಗೆ ಸಿಗ್ತಾನೇ ಇರ್ಲಿಲ್ವಲ್ರೀ," ಎಂದರು ಮದಾಂ. "ಮೆಟ್ರೋದಲ್ಲಿ ಒಂದು ಕೈಲಿ ಕಂಬ ಹಿಡ್ಕೊಂಡು ಆಡೋಳು ನಾನು. ನನ್ನ ಮೇಲೆ ಯಾಕ್ರೀ ಇಷ್ಟು ಸಿಟ್ಟು? ನಾನೀಗ ಆಡಿದ ಆಟ ಕೊಡೋದಾದ್ರೆ ತಗೋತೀನಿ. ಆ ಮೂರೇಟಿನ ಆಟ ಬೇಡ. ಸಂಜೆ ಒಳಗೆ ಹೇಳಿ."

ಹೊರಗೆ ಬಂದಾಗ ನನಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಇವನು ಒಪ್ಪುವವನೇ ಅಲ್ಲ. ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಿರಬಿರನೆ ನಡೆಯುತ್ತಿದ್ದ. ಅಕ್ಕನ ಆಸ್ಪತ್ರೆಯ ಫೋನು ಆಗಲೇ ಕಿವಿಯಲ್ಲಿ ರಿಂಗಾಗುತ್ತಿತ್ತು.

"ಹೂಂ ಅಂದ್ಬಿಡು," ಎಂದ ಅವನು.

"ಏನಂದೆ?"

"ಒಪ್ಕೋ ಅಂದೆ. ಕೇಳಿಸ್ಲಿಲ್ವಾ?"

"ರೆಜಾನ್, ಮೈ ಹುಷಾರಾಗಿದೆ ತಾನೇ?"

ಅವನು ನಿಂತ. ನನ್ನ ಮುಖ ನೋಡಲಿಲ್ಲ. "ಆ ಸ್ವಿಚ್ ಇಲ್ದೆ ಕೊನೇ ಬೀದಿಗೆ ನಾನೂ ಒಂದ್ಸಲ ಹೋಗಿಲ್ಲ ಕಣೇ."

"ನೀನು? ಕಟ್ಟಿದೋನು?"

"ನನ್ನ ಕೈ ಸರಿಯಿಲ್ಲ ಅಂದ್ಕೊಂಡಿದ್ದೆ. ಬೇರೆಯವ್ರಿಗೆ ಬರುತ್ತೇನೋ ಅಂತ ಕಾಯ್ತಿದ್ದೆ."

ಸಿಟ್ಟು ಬರಬೇಕಿತ್ತು, ಅಷ್ಟೆಲ್ಲ ಜಗಳ, ಅಷ್ಟೆಲ್ಲ ಮುನಿಸು! ಬರಲಿಲ್ಲ. ಹೋದ ಜೀವ ಬಂದಂತಾಗಿ, ಪಕ್ಕದ ಹಿಮದ ಗುಡ್ಡೆಯ ಮೇಲೆ ಕುಸಿದು ಕೂತು ನಕ್ಕೆ. ಹೋಗುವವರು ಬರುವವರು ತಿರುಗಿ ನೋಡುತ್ತಿದ್ದರು.

"ಏಳೇ, ಪ್ಯಾಂಟು ಒದ್ದೆಯಾಗುತ್ತೆ," ಎಂದು ಅವನು ಕೈ ಚಾಚಿದ.

ನಾನು ಏಳಲಿಲ್ಲ. ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು, ಅವನು ಮನಸ್ಸು ಬದಲಿಸುವ ಮೊದಲೇ, ಕೂತಲ್ಲಿಂದಲೇ ಮದಾಂಗೆ ಫೋನ್ ಮಾಡಿದೆ.