ದೋಣಿಯ ತಳದ ನೀರು

ಗಂಡ ನಾಗೇಂದ್ರಪ್ಪನ ಬೂದಿಯನ್ನು ನೀರಿಗೆ ಬಿಡಲು ಬೋರಕ್ಕ ಮೊಳಕಾಲ್ಮೂರು ಬಳಿಯ ಜಲಾಶಯದಲ್ಲಿ ಮೋಟಾರು ದೋಣಿ ಹತ್ತಿದ್ದಳು. ನಡುನೀರಿಗೆ ಬರುವಷ್ಟರಲ್ಲಿ ತಳದಲ್ಲಿ ನೀರು ಸೇರಿ ದೋಣಿ ವಾಲಿತು. ಮಡಕೆ ಉರುಳಿ, ಬೂದಿಯೆಲ್ಲ ಆ ನೀರಿನಲ್ಲಿ ಕದಡಿಹೋಯಿತು.

ನೀರು ಹೊರಹಾಕುವ ಪಂಪು ಸದ್ದು ಮಾಡುತ್ತಿತ್ತು, ನೀರು ಮಾತ್ರ ಹೋಗುತ್ತಿರಲಿಲ್ಲ. ದೋಣಿ ನಡೆಸುತ್ತಿದ್ದ ಸಂಗಮೇಶ್ ಅದನ್ನು ನಿಲ್ಲಿಸಿ, ತಳಕ್ಕೆ ಕೈಹಾಕಿ, ಪಂಪಿನ ಬಾಯಿಗೆ ಅಂಟಿದ್ದ ಪ್ಲಾಸ್ಟಿಕ್ ಚೀಲವನ್ನು ಎಳೆದು ತೆಗೆದ.

"ಈಗ ಹೋಗ್ತೈತೆ. ಹಾಕ್ಲೇನವ್ವಾ?"

"ವಸಿ ತಡಿಯಪ್ಪ. ಅವರನ್ನ ಹಂಗೇ ಪಂಪಿನಾಗೆ ಕಳಿಸಾಕೆ ಮನಸಾಗಲ್ಲ."

ಬೋರಕ್ಕ ಬಗ್ಗಿ, ಬೊಗಸೆ ಬೊಗಸೆಯಾಗಿ ಆ ನೀರನ್ನೆತ್ತಿ ಜಲಾಶಯಕ್ಕೆ ಬಿಟ್ಟಳು. ತೋಳು ಸೋತಾಗ ಅವನತ್ತ ತಲೆಯಾಡಿಸಿದಳು. ಪಂಪು ಉಳಿದದ್ದನ್ನು ಹೊರಗೆ ಸುರಿಯಿತು. ಅದರಿಂದ ಬೀಳುವ ನೀರು ತಿಳಿಯಾಗುವವರೆಗೂ ಸಂಗಮೇಶ್ ದೋಣಿಯನ್ನು ಅಲ್ಲೇ ನಿಲ್ಲಿಸಿಕೊಂಡಿದ್ದ.