ಮಾವನ ಕೆಂಪು ಟೇಪು

ನಮ್ಮ ಮನೆಯಲ್ಲಿ ಯಾವ ಯಂತ್ರ ಬದುಕಬೇಕು, ಯಾವುದು ಸಾಯಬೇಕು ಅನ್ನುವುದನ್ನು ತೀರ್ಮಾನಿಸುವವರು ನಮ್ಮ ಮಾವ. ಕರೆಂಟು ಕಂಬ ಹತ್ತಿ ಇಳಿದು ನಿವೃತ್ತರಾದ ಲೈನ್‌ಮ್ಯಾನ್. ಕೆಟ್ಟ ಸಾಮಾನನ್ನು ನಾಲ್ಕು ಸಲ ತಟ್ಟುತ್ತಾರೆ, ಮೂಸಿ ನೋಡುತ್ತಾರೆ, ಆಮೇಲೆ ಅದರ ಮೈಮೇಲೆ ಕೆಂಪು ಟೇಪು ಅಂಟಿಸುತ್ತಾರೆ. ಟೇಪು ಬಿತ್ತು ಅಂದರೆ ಕಥೆ ಮುಗಿಯಿತು. ಅದನ್ನು ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಹಾಕಬೇಕು, ಮತ್ತೆ ಯಾರೂ ಮುಟ್ಟಕೂಡದು. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಡಿವಿಡಿ ಪ್ಲೇಯರು ಎಲ್ಲವೂ ಹಾಗೇ ಹೋದವು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ.

ಆದರೆ ಆ ಬೆಳಿಗ್ಗೆ ಅವರು ಟೇಪು ಅಂಟಿಸಿದ್ದು ನನ್ನ ಮಾನಿಟರಿಗೆ.

ನಾನು ಹಳೆಯ ಫೋಟೋ ಸರಿಮಾಡುವವಳು. ಸ್ಟುಡಿಯೋದವರು ಮಾಸಿದ, ಹರಿದ, ಹುಳ ತಿಂದ ಚಿತ್ರಗಳನ್ನು ಕಳಿಸುತ್ತಾರೆ. ನಾನು ನಡುಮನೆಯ ಕಿಟಕಿ ಪಕ್ಕದ ಮೇಜಿಗೆ ಕೂತು ಕಂಪ್ಯೂಟರಿನಲ್ಲಿ ಮೂಗು ಕೂರಿಸುತ್ತೇನೆ, ಕಿವಿ ಹಚ್ಚುತ್ತೇನೆ. ಅವತ್ತು ಒಬ್ಬ ಅಜ್ಜಿಯ ಮುಖ ಅರ್ಧ ಆಗಿತ್ತು. ಒಂದು ಕಣ್ಣು ಮುಗಿದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಆರಿಸಿ ಮತ್ತೆ ಹಾಕಿದರೆ ಒಮ್ಮೆ ಬೆಳಗಿ ಮತ್ತೆ ಕಪ್ಪು. ಕೆಳಗಿನ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಮಾವ ಬಂದು ತಟ್ಟಿದರು, ಮೂಸಿದರು. “ಹೋಯ್ತಮ್ಮ” ಅಂದು ಮಾನಿಟರಿನ ಹಣೆಗೆ ಟೇಪು ಎಳೆದರು.

“ಹೊಸದು ತರೋಣ್ವಾ ಮಾವ?”

“ಯಾಕೆ ಸುಮ್ನೆ? ಹೊತ್ತು ಹೋಗ್ಲಿ ಅಂತ ತಾನೇ ಮಾಡ್ತಿದ್ದೆ. ಸಾಕು ಬಿಡು.”

ಹೊತ್ತು ಹೋಗಲಿ ಅಂತ! ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಮೇಲೆ ಮೈದುನ ಅಳತೆ ಟೇಪು ಹಿಡಿದು ಹಾಜರು. ಅವನ ವ್ಯಾಯಾಮದ ಸೈಕಲ್ಲಿಗೆ ಕಿಟಕಿ ಪಕ್ಕವೇ ಬೇಕಂತೆ, ಗಾಳಿ ಬರುತ್ತದಂತೆ. “ಅತ್ತಿಗೆ, ಹೇಗೂ ಮೇಜು ಖಾಲಿ ಆಯ್ತಲ್ಲ, ಸಂಜೆ ತೆಗೆದುಬಿಡ್ತೀನಿ” ಅಂದ. ನನ್ನ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತ “ನೀವ್ ನೀವೇ ಮಾತಾಡ್ಕೊಳ್ಳಿ” ಎಂದು ಕೆಲಸಕ್ಕೆ ಹೊರಟರು. ಎಲ್ಲರ ಮಾತಿಗೂ ತಲೆಯಾಡಿಸಿ ಜಾಗ ಖಾಲಿ ಮಾಡುವುದರಲ್ಲಿ ಅವರು ನಿಸ್ಸೀಮರು.

ಮೇಜು ಹೋದರೆ ಕೆಲಸವೂ ಹೋದ ಹಾಗೆ. ಈ ಮನೆಯಲ್ಲಿ ನನ್ನದು ಅನ್ನುವ ಜಾಗ ಅದೊಂದೇ. ಏನಾದರಾಗಲಿ, ಬಿಡುವುದಿಲ್ಲ ಅಂದುಕೊಂಡೆ.

ಅಕ್ಕನಿಗೆ ಫೋನು ಹಚ್ಚಿದೆ. ಅವಳು ಬೇರೆ ಊರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡವಳು. ಮದುವೆಗೆ ಮುಂಚೆ ನಾನೂ ಅವಳ ಪಕ್ಕ ಕೂತು ಬೆಸುಗೆ ಹಾಕಿದ್ದೇನೆ, ಬೇಕಾದಷ್ಟು ಬೈಸಿಕೊಂಡಿದ್ದೇನೆ.

“ಹೋಯ್ತು ಅಂತ ಯಾರೇ ಹೇಳಿದ್ದು?” ಅಂದಳು.

“ಮಾವ.”

“ನಿಮ್ಮ ಮಾವನ ಮಾತು ಕಂಬಕ್ಕೆ ಸರಿ. ಟಾರ್ಚ್ ತಗೊ. ಮಾನಿಟರ್ ಆನ್ ಇರ್ಲಿ. ಪರದೆಗೆ ಓರೆಯಾಗಿ ಬೆಳಕು ಬಿಟ್ಟು ಹತ್ತಿರದಿಂದ ನೋಡು.”

ಮೂಗು ತಾಗುವಷ್ಟು ಹತ್ತಿರ ಹೋದೆ. ಕಪ್ಪಿನೊಳಗೆ, ತೆಳ್ಳಗೆ, ಅಜ್ಜಿ ಇದ್ದಳು. ನಾನು ಬಿಡಿಸಿದ ಆ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾ, ಅಜ್ಜಿ ಇದಾಳೆ ಕಣೇ!”

“ಇರ್ದೆ ಎಲ್ಲಿಗೆ ಹೋಗ್ತಾಳೆ? ಚಿತ್ರ ಬರ್ತಿದೆ, ಪರದೆ ಹಿಂದಿನ ದೀಪ ನಿಲ್ತಿಲ್ಲ, ಅಷ್ಟೇ. ಒಳಗೆ ಪವರ್ ಬೋರ್ಡಲ್ಲಿ ಕೆಪಾಸಿಟರ್ ಉಬ್ಬಿರುತ್ತೆ, ನೋಡು. ಪ್ಲಗ್ ಕಿತ್ತು ಸಾಕಷ್ಟು ಹೊತ್ತು ಬಿಟ್ಟು ಆಮೇಲೆ ಬಿಚ್ಚು. ಒಳಗೆ ಕರೆಂಟ್ ಉಳಿದಿರುತ್ತೆ, ಅವಸರ ಮಾಡಿದ್ರೆ ಹೊಡೆಯುತ್ತೆ, ಹುಷಾರು.”

ಫೋನಿಟ್ಟ ಮೇಲೆ ನನ್ನ ಸಿಟ್ಟು ಇನ್ನೂ ಏರಿತು. ಒಳಗೆ ಎಲ್ಲ ನೆಟ್ಟಗೆ ಕೆಲಸ ಮಾಡುತ್ತಿದೆ, ಹೊರಗೆ ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅಂದುಬಿಡುವುದೇ? ಟೇಪನ್ನು ಪರ್ರನೆ ಕಿತ್ತು ಮೇಜಿನ ಮೂಲೆಗೆ ನೇತುಹಾಕಿದೆ. ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿದರು. ಈ ಮನೆಯಲ್ಲಿ ಟೇಪು ಕಿತ್ತ ಸದ್ದು ಅವರು ಕೇಳಿದ್ದು ಅದೇ ಮೊದಲು.

“ಮಾವ, ನಿಮ್ಮ ಸೋಲ್ಡರಿಂಗ್ ಐರನ್ ಬೇಕಿತ್ತು.”

“ಹೆಣಕ್ಕೆ ಔಷಧಿ ಕೊಡ್ತೀಯೇನಮ್ಮ?”

“ಹೆಣ ಅಂದಿದ್ದು ನೀವು. ನಾನಲ್ಲ.”

ಅವರು ತಗೋ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಅಷ್ಟು ಸಾಕಾಗಿತ್ತು, ಬೆಸುಗೆ ಕಡ್ಡಿ ಎತ್ತಿಕೊಂಡೆ.

ಪ್ಲಗ್ ಕಿತ್ತು, ಅಡುಗೆ ಮುಗಿಸಿ, ಪಾತ್ರೆ ತೊಳೆದು ಬಂದು ಸ್ಕ್ರೂ ಬಿಚ್ಚಿದೆ. ಹಿಂದಿನ ಮುಚ್ಚಳ ಎಬ್ಬಿಸುವಾಗ ಒಂದು ಕೊಂಡಿ ಟಕ್ಕೆಂದಿತು. “ಮುರೀತಾ ಅತ್ತಿಗೆ?” ಅಂತ ಮೈದುನ ಒಳಗಿನಿಂದಲೇ ಕೂಗಿದ. ದನಿಯಲ್ಲಿ ಸಂತೋಷವೋ ಸಂತೋಷ.

“ಕೊಂಡಿ ಮುರೀತು. ನೀನು ನಿನ್ನ ಅಳತೆ ನೋಡ್ಕೊ.”

ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿದ್ದ, ಕರೆಂಟು ಕೂಡಿಡುವ ಕೆಪಾಸಿಟರುಗಳಲ್ಲಿ ಎರಡರ ತಲೆ ಉಬ್ಬಿತ್ತು. ಉಳಿದವು ಮಟ್ಟಸವಾಗಿದ್ದವು. ಅಂಗಡಿಗೆ ಹೋಗಿ ತರೋಣವೆಂದರೆ, ಬರುವಷ್ಟರಲ್ಲಿ ಮೇಜು ಇದ್ದಲ್ಲಿ ಇರುತ್ತದೆಂಬ ನಂಬಿಕೆ ನನಗಿರಲಿಲ್ಲ. ನೇರ ಮೆಟ್ಟಿಲ ಕೆಳಗೆ ಹೋಗಿ ಮಾವನ ಪೆಟ್ಟಿಗೆ ಎಳೆದೆ. ಡಿವಿಡಿ ಪ್ಲೇಯರಿನ ಹೊಟ್ಟೆಯಲ್ಲಿ ಒಂದು ಸಿಕ್ಕಿತು, ಹಳೆಯ ಸೆಟ್‌ಟಾಪ್ ಬಾಕ್ಸಿನಲ್ಲಿ ಇನ್ನೊಂದು, ಎರಡೂ ಬೇಕಾದ ಅಂಕಿಯವೇ. ಮಾವ ಸತ್ತಿವೆ ಎಂದು ಟೇಪು ಹಚ್ಚಿದ್ದರೊಳಗೆ ಗಟ್ಟಿಮುಟ್ಟಾಗಿ ಕೂತಿದ್ದವು. ಉಬ್ಬಿದವನ್ನು ಕಿತ್ತು, ಕೆಪಾಸಿಟರಿನ ಬಿಳಿ ಪಟ್ಟೆ ಯಾವ ಕಡೆ ಬರಬೇಕೆಂದು ಎರಡೆರಡು ಸಲ ನೋಡಿ ಬೆಸುಗೆ ಹಾಕಿದೆ. ಆ ಹೊಗೆಯ ವಾಸನೆಗೆ ಅಕ್ಕನ ಅಂಗಡಿ ನೆನಪಾಗಿ ಖುಷಿಯಾಯಿತು.

ಮುಚ್ಚಳ ಹಾಕದೆ ಒರಗಿಸಿ ನಿಲ್ಲಿಸಿ, ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಕಪ್ಪು. ಈ ಸಲ ಒಂದು ಕ್ಷಣವೂ ಬೆಳಗಲಿಲ್ಲ.

ಮೈದುನ ಬಂದು ನನ್ನ ಪೆನ್ನಿನ ಡಬ್ಬಿ ಎತ್ತಿ ಕಿಟಕಿಯ ಮೇಲಿಟ್ಟ. ಇವನ ಮುಂದೆ ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿ, ಡಬ್ಬಿಯನ್ನು ವಾಪಸ್ ಮೇಜಿನ ಮೇಲಿಟ್ಟೆ. ಅವನು ಎತ್ತಿದ. ನಾನು ಮತ್ತೆ ಇಟ್ಟೆ.

“ಆ ಗುಲಾಬಿ ವೈರು ಯಾಕೆ ನೇತಾಡ್ತಿದೆ?” ಮಾವನ ದನಿ. ಯಾವಾಗ ಎದ್ದು ಬಂದು ಹಿಂದೆ ನಿಂತಿದ್ದರೋ! ಸಿಕ್ಕಿಸದ ವೈರು ಕಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ.

ಪರದೆ ಹಿಂದಿನ ದೀಪದ ವೈರು. ಬೋರ್ಡು ಕೂರಿಸುವ ಅವಸರದಲ್ಲಿ ಸಿಕ್ಕಿಸಲು ಮರೆತಿದ್ದೆ. ಕೈ ಚಾಚಿದೆನೋ ಇಲ್ಲವೋ, ಮಾವ ಗುಡುಗಿದರು. “ಪ್ಲಗ್ ಕಿತ್ತು ಮುಟ್ಟಮ್ಮ!”

ಕಿತ್ತೆ. ಸ್ವಲ್ಪ ಹೊತ್ತು ಬಿಟ್ಟೆ. ಸಿಕ್ಕಿಸಿದೆ. ಹಾಕಿದೆ.

ಪರದೆ ಬೆಳಗಿತು. ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಆರಲಿಲ್ಲ. ಅಜ್ಜಿ ಬೆಳಕಿನಲ್ಲಿ ಕೂತಳು.

“ಎಷ್ಟು ದಿನ ಬರುತ್ತೋ ಏನೋ” ಅಂದರು ಮಾವ.

“ಬಂದಷ್ಟು ಬರ್ಲಿ. ಹೋದ್ರೆ ಮತ್ತೆ ಬಿಚ್ತೀನಿ.” ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಮೂಲೆಯಲ್ಲಿ ನೇತಾಡುತ್ತಿದ್ದ ಟೇಪು ಕೈಗೆತ್ತಿಕೊಂಡೆ. “ಮಾವ, ಕೆಲಸದಲ್ಲಿದ್ದಾಗ ಇದನ್ನ ಎಲ್ಲಿ ಅಂಟಿಸ್ತಿದ್ರಿ?”

“ಸ್ವಿಚ್ಚಿಗೆ. ಮೇಲೆ ಕಂಬದಲ್ಲಿ ಆಳು ಇರುವಾಗ ಕೆಳಗೆ ಯಾರೂ ಕೈ ಹಾಕ್ದೇ ಇರ್ಲಿ ಅಂತ.”

“ಅಂದ್ರೆ ಬದುಕಿರೋರಿಗೋಸ್ಕರ.”

ನಾನು ಮೇಜಿನ ಅಂಚಿಗೆ ಟೇಪು ಎಳೆದು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದೆ. “ಇಲ್ಲೂ ಆಳು ಇದೆ ಮಾವ” ಅಂದು ಕುರ್ಚಿ ಎಳೆದುಕೊಂಡು ಕೂತೆ. ಅವರು ಪೇಪರಿಗೆ ಮರಳಿದರು.

ಸಂಜೆ ಮೈದುನ ಸೈಕಲ್ಲನ್ನು ದರದರ ಎಳೆದುಕೊಂಡು ಬಂದ. “ಅಪ್ಪಾ, ಮೇಜಿನ ಆ ಕಡೆ ಹಿಡ್ಕೊ” ಅಂದ.

ಮಾವ ಪೇಪರ್ ಇಳಿಸಲಿಲ್ಲ.

“ಟೇಪು ಕಾಣಲ್ವೇನೋ? ಆಳು ಕೆಲಸದ ಮೇಲಿದೆ. ಕೈ ತೆಗಿ.”

ನಾನು ತಿರುಗಿ ನೋಡಲಿಲ್ಲ. ಅಜ್ಜಿಯ ಇನ್ನೊಂದು ಕಣ್ಣು ಬಾಕಿಯಿತ್ತು.