ಒದ್ದೆ ಸೆರಗು

ಕೈ ತೊಳೆದ ಮೇಲೆ ನಾನು ಯಾವ ಬಟ್ಟೆಗೂ ಒರಸುವುದಿಲ್ಲ. ನಲ್ಲಿಯ ಮುಂದೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕೊನೆಯ ಹನಿ ಮೊಣಕೈಯಿಂದ ಉದುರುವವರೆಗೆ ನಿಲ್ಲುತ್ತೇನೆ. ನೋಡಿದವರು ಯಾವುದೋ ಹರಕೆ ಇರಬೇಕು ಅಂದುಕೊಳ್ಳುತ್ತಾರೆ.

ಹಿಂದೆ ನಾನು ಕೆಲಸಕ್ಕಿದ್ದ ಆರೈಕೆ ಮನೆಯಲ್ಲಿ ಹನ್ನೊಂದು ಮಂಚಗಳಿದ್ದವು. ಎದ್ದು ಓಡಾಡಲಾಗದ ಹನ್ನೊಂದು ಜನ ಅಜ್ಜಿಯರು. ಅಲ್ಲೇ ಉಳಿದುಕೊಂಡು ಅವರನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಆಯಾಗಳು, ನಾನು ಮತ್ತು ಪುಟ್ಟತಾಯಿ. ನಮ್ಮಿಬ್ಬರ ಮೇಲೆ ವಿಮಲಾ ಸಿಸ್ಟರ್.

ನಾಲ್ಕನೇ ಮಂಚದ ಅಚ್ಚಮ್ಮಜ್ಜಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಕೈ ಚಾಚಿ ಸೆರಗು ಹುಡುಕುತ್ತಿದ್ದರು. ತುದಿ ಸಿಕ್ಕಿದರೆ ಎರಡು ಬೆರಳಲ್ಲಿ ಹೊಸಕಿ ನೋಡಿ, “ಒದ್ದೆ ಐತೆ. ನೀನೇ ಕಣವ್ವ. ಯಾವಾಗ್ಲೂ ಕೆರೇಲಿ ಮುಳುಗಿ ಎದ್ದು ಬಂದೋಳಂಗೆ,” ಎನ್ನುತ್ತಿದ್ದರು. ನನಗೆ ಅದೊಂದು ಹೆಮ್ಮೆಯಾಗಿತ್ತು. ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಸೋಪು ಹಚ್ಚಿ, ನಲವತ್ತು ಎಣಿಸುವವರೆಗೆ ಕೈ ಉಜ್ಜಬೇಕೆಂದು ಸಿಸ್ಟರ್ ಗೋಡೆಗೆ ಬರೆದು ಅಂಟಿಸಿದ್ದರು. ನಾನು ಒಂದು ಸಲವೂ ತಪ್ಪಿಸಿದವಳಲ್ಲ.

ಪುಟ್ಟತಾಯಿ ಹಾಗಲ್ಲ. ಅವಳ ಅಂಗೈ ಬಿರುಕು ಬಿಟ್ಟಿತ್ತು. ಸೋಪು ತಾಗಿದರೆ ಉರಿ. “ನಲವತ್ತರ ತನಕ ಎಣಿಸೋಕೆ ಬಂದಿದ್ರೆ ಇಲ್ಲಿ ಬೆಡ್‌ಪ್ಯಾನ್ ಯಾಕೆ ಎತ್ತುತಿದ್ದೆ, ಸ್ಕೂಲಲ್ಲಿ ಟೀಚರ್ ಆಗ್ತಿದ್ದೆ,” ಎಂದು ನಗುತ್ತಾ ಬರೀ ನೀರು ಸುರಿದುಕೊಂಡು ಕೈ ಕೊಡವಿ ಹೋಗಿಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಎರಡನೇ ಮಂಚದ ಅಜ್ಜಿಗೆ ವಾಂತಿ ಭೇದಿ ಶುರುವಾಯಿತು. ಎರಡು ದಿನ ಬಿಟ್ಟು ಏಳನೆಯವರಿಗೆ, ನಂತರ ಒಂಬತ್ತನೆಯವರಿಗೆ. ಡಾಕ್ಟರು ಬಂದು, ಕುಡಿಯುವ ನೀರಿನಲ್ಲಿ ದೋಷವಿಲ್ಲ, ರೋಗ ಕೈಯಿಂದ ಹೋಗುತ್ತಿದೆ, ತಗುಲಿದರೆ ಒಂದೆರಡು ದಿನದಲ್ಲೇ ಕಾಣಿಸುತ್ತದೆ ಎಂದರು. ಅಚ್ಚಮ್ಮಜ್ಜಿಯ ತೂಕ ಮೂವತ್ತೆರಡು ಕಿಲೋ. ಅವರಿಗೆ ತಗುಲಿದರೆ ಉಳಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಸಿಸ್ಟರ್ ಬಳಿ ಹೋಗಿ, ಪುಟ್ಟತಾಯಿ ಸೋಪು ಮುಟ್ಟುವುದಿಲ್ಲ ಎಂದು ಹೇಳಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಅಂದು ಮಧ್ಯಾಹ್ನವೇ ಅವಳನ್ನು ಕೆಲಸ ಬಿಡಿಸಿ ಕಳಿಸಿದರು. ಗೇಟಿನ ಹತ್ತಿರ ನಿಂತು, “ನಂಗೇ ಹೇಳ್ಬೋದಿತ್ತಲ್ಲೇ. ಬೈದಿದ್ರೆ ಉಜ್ಕೋತಿದ್ದೆ,” ಅಂದಳು.

ಅವಳು ಹೋದ ಆರನೇ ದಿನ ಐದನೇ ಮಂಚದಲ್ಲಿ ವಾಂತಿ. ಅಂದು ಸಂಜೆಯೇ ನಾಲ್ಕನೆಯದರಲ್ಲಿ.

ಮರುದಿನ ಬೆಳಗ್ಗೆ ಸಿಸ್ಟರ್ ನಲ್ಲಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ನಾನು ಕೈ ತೊಳೆಯುವುದನ್ನೇ ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಕರೆದರು.

“ಕೈ ತೋರಿಸಮ್ಮ.”

ಬಲಗೈ ಚಾಚಿದೆ.

“ಚೆನ್ನಾಗೇ ತೊಳೆದಿದೀಯ. ಯಾವುದಕ್ಕೆ ಒರಸಿದೆ?”

ತಗ್ಗಿ ನೋಡಿದೆ. ಎಡಗೈಯಲ್ಲಿ ಇನ್ನೂ ಸೆರಗಿನ ತುದಿ ಇತ್ತು.

“ಬೆಳಗ್ಗೆಯಿಂದ ಒಂಬತ್ತು ಸಲ ತೊಳೆದಿದೀಯ. ಒಂಬತ್ತು ಸಲಾನೂ ಅದಕ್ಕೇ,” ಎಂದರು. ಆಮೇಲೆ ಗೋಡೆಯ ಕಾಗದ ನೋಡುತ್ತಾ, “ತೊಳೆಯೋದು ಬರೆದೆ. ಒರಸೋದು ಬರೀಲೇ ಇಲ್ಲ ನಾನು.”

ಬಾಗಿದಾಗಲೆಲ್ಲ ಹಾಸಿಗೆಗೆ ತಾಗುತ್ತಿದ್ದದ್ದು ಆ ಸೆರಗು. ವಾಂತಿಯಾದ ಬಾಯಿಗಳನ್ನು ಒರಸಿದ್ದೂ ಅದರಲ್ಲೇ, ಅಮ್ಮ ನನ್ನ ಬಾಯಿ ಒರಸುತ್ತಿದ್ದ ಹಾಗೆ, ಯೋಚಿಸದೆ. ಪುಟ್ಟತಾಯಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದಳು. ಬಟ್ಟೆ ತಿಕ್ಕಿದರೆ ಉರಿಯುತ್ತದೆಂದು ಕೈಯನ್ನು ಗಾಳಿಗೇ ಒಣಗಿಸುತ್ತಿದ್ದಳು. ಏಳಕ್ಕೂ ಒಂಬತ್ತಕ್ಕೂ ರೋಗ ಒಯ್ದದ್ದು ಅವಳ ಕೈಯೋ ನನ್ನ ಸೆರಗೋ, ಯಾರೂ ಹೇಳಲಾರರು. ಐದು ಮತ್ತು ನಾಲ್ಕರ ಹೊತ್ತಿಗೆ ಉಳಿದಿದ್ದ ಆಯಾ ನಾನೊಬ್ಬಳೇ, ಅಲ್ಲಿ ಮಾತ್ರ ಅನುಮಾನಕ್ಕೆ ಜಾಗವಿಲ್ಲ.

ಅಂದು ಮಧ್ಯಾಹ್ನ ಬೇರೆ ಸೀರೆ ಉಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ, ಮೇಲೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿ, ಕೈಗವಸು ತೊಟ್ಟು ಅಚ್ಚಮ್ಮಜ್ಜಿಯ ಬಳಿ ಹೋದೆ. ನರ ಸಿಗದೆ ಡ್ರಿಪ್ ಹಾಕಲಾಗಿರಲಿಲ್ಲ. ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸುವುದೊಂದೇ ಉಳಿದಿತ್ತು. ಅವರ ಕೈ ಏಪ್ರನ್ನಿನ ಮೇಲೆ ಜಾರಿತು, ಮತ್ತೆ ಹುಡುಕಿತು.

“ಯಾರವ್ವ?”

“ನಾನೇ ಅಜ್ಜಿ.”

“ಅಲ್ಲ. ಅವಳ ಸೆರಗು ಒದ್ದೆ ಇರ್ತೈತೆ.” ತುಟಿ ಬಿಗಿದುಕೊಂಡರು. “ಅವಳನ್ನ ಕಳ್ಸು. ಅವಳು ಕೊಟ್ರೆ ಕುಡೀತೀನಿ.”

ದನಿಯನ್ನೂ ನಂಬಲಿಲ್ಲ. ಏಪ್ರನ್ ಬಿಚ್ಚಿ, ಸೆರಗಿನ ತುದಿ ನೆನೆಸಿ ಅವರ ಬೆರಳಿಗೆ ಕೊಡಬಹುದಿತ್ತು. ಸೆರಗು ತಾಗಿಸಬಾರದೆಂಬುದು ಆಗತಾನೇ ಕಲಿತ ಪಾಠ, ಕೊಡಲಿಲ್ಲ. ಮರುದಿನ ಹೊತ್ತೇರುವ ಮೊದಲು ಅವರು ತೀರಿಕೊಂಡರು. ನಾನು ಬರಲಿಲ್ಲ ಎಂದೇ ತಿಳಿದು.

ಸಿಸ್ಟರ್ ಪುಟ್ಟತಾಯಿಗೆ ಹೇಳಿಕಳಿಸಿದರು. ಅವಳು ಮತ್ತೆ ಬರಲಿಲ್ಲ.

ಈಗಲೂ ಕೈ ತೊಳೆದು, ಗಾಳಿಯಲ್ಲಿ ಎತ್ತಿ ಹಿಡಿದು ನಿಂತಿರುವಾಗ, ಸೊಂಟದ ಹತ್ತಿರ ಸೆರಗನ್ನು ಯಾರೋ ಮೆಲ್ಲಗೆ ಎಳೆಯುತ್ತಾರೆ. ನಾನು ತಿರುಗಿ ನೋಡುವುದಿಲ್ಲ. ಎರಡು ಬೆರಳು ತುದಿಯನ್ನು ಹೊಸಕಿ ನೋಡುತ್ತವೆ. ಅದು ಒಣಗಿರುತ್ತದೆ. ಬೆರಳುಗಳು ಬಿಟ್ಟುಬಿಡುತ್ತವೆ.